ಪುಣೆಯ ಎರಿಮಣ್ಣಿನಲ್ಲಿ ಉಕ್ಕಿನ ಕಮಾನು ಶೆಡ್: ನಾಲ್ಕಾರು ಜನ ಸೇರಿ ನಾವೇ ಕಟ್ಟುವ ಬಗೆ

ಶೀಟಿನ ಕಟ್ಟು ಹೊತ್ತ ಟೆಂಪೊ ಬಂದು ನಿಂತ ದಿನ ಕೆಲಸ ಶುರುವಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಮಾನು ಶೆಡ್ಡಿನ ಮಟ್ಟಿಗೆ ಆ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರಬೇಕು. ಶೀಟು ಬರುವ ಮೊದಲೇ ಶೆಡ್ಡಿನ ಹಣೆಬರಹ ಪಾಯದಲ್ಲಿ ಬರೆದಾಗಿರುತ್ತದೆ. ಚಾಕಣ ಕಡೆ ನನ್ನ ಸಣ್ಣ ವರ್ಕ್‌ಶಾಪಿಗೆ ಒಂದು, ಆಮೇಲೆ ಸಂಬಂಧಿಕರಿಗೆ ಎರಡು ಕಟ್ಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಂಡಿ, ಜೇವರ್ಗಿ, ಅಕ್ಕಲಕೋಟೆ ಕಡೆಯಿಂದ ಬಂದು ಭೋಸರಿ, ಚಿಂಚವಾಡದಲ್ಲಿ ಫಿಟ್ಟರ್, ವೆಲ್ಡರ್ ಕೆಲಸ ಮಾಡಿದ ನಮ್ಮವರು ಈಗ ಊರಾಚೆ ಒಂದೆರಡು ಗುಂಟೆ ಹಿಡಿದು ಸ್ವಂತದ್ದು ಮಾಡಲು ಹೊರಟಿದ್ದಾರೆ. ಪಾನಾ (ಸ್ಪ್ಯಾನರ್) ಹಿಡಿದ ಕೈಗೆ ಈ ಕೆಲಸ ಕಷ್ಟವಲ್ಲ. ಆದರೆ ಅವಸರ ಮಾಡಿದವರನ್ನು ಇದು ಬಿಡುವುದೂ ಇಲ್ಲ.

ಯಾವ ಕಮಾನು?

ಕಮಾನು ಶೆಡ್ ಅಂದರೆ ಮೂರು ಬೇರೆ ಬೇರೆ ವಸ್ತು ಇವೆ, ಕೊಟೇಶನ್ ಕೇಳುವಾಗ ಕಲಸಿಕೊಳ್ಳಬೇಡಿ. ಒಂದು, ತಳೇಗಾಂವ್ ಪಾಲಿಹೌಸ್‌ಗಳಂತೆ ಜಿಐ ಪೈಪನ್ನು ಬಗ್ಗಿಸಿ ನಿಲ್ಲಿಸಿ ಮೇಲೆ ಶೀಟು ಹೊದಿಸುವುದು. ಎರಡು, ಸೈಟಿಗೇ ಮಷಿನ್ ತಂದು ಕಾಯಿಲ್‌ನಿಂದ ಉದ್ದನೆಯ ಕಮಾನು ಎಳೆದು, ಕ್ರೇನಿನಲ್ಲಿ ಎತ್ತಿ, ಅಂಚನ್ನು ಮಡಚಿ ಸೇರಿಸುವುದು. ಇದನ್ನು ಟ್ರಸ್‌ಲೆಸ್ ರೂಫ್ ಅನ್ನುತ್ತಾರೆ, ದೊಡ್ಡ ಗೋದಾಮಿಗೆ ಒಳ್ಳೆಯದು, ನಾವು ಕೈಯಾರೆ ಮಾಡುವಂಥದ್ದಲ್ಲ. ಮೂರನೆಯದು ಕಾರ್ಖಾನೆಯಲ್ಲೇ ಬಾಗಿಸಿ, ತೂತು ಹೊಡೆದು ಕಳಿಸುವ ದಪ್ಪ ಅಲೆಯ ಪ್ಯಾನೆಲ್‌ಗಳು. ಬೋಲ್ಟ್ ಹಾಕಿ ಒಂದಕ್ಕೊಂದು ಜೋಡಿಸಿದರೆ ಅದೇ ಗೋಡೆ, ಅದೇ ಚಾವಣಿ. ಒಳಗೆ ಕಂಬವಿಲ್ಲ, ಚಾವಣಿ ಹೊರುವ ತ್ರಿಕೋನದ ಚೌಕಟ್ಟು ಅಂದರೆ ಟ್ರಸ್ ಇಲ್ಲ, ಶೀಟಿನ ಕೆಳಗಿನ ಅಡ್ಡಪಟ್ಟಿ ಅಂದರೆ ಪರ್ಲಿನ್ ಇಲ್ಲ. ಈ ಬರಹ ಈ ಮೂರನೆಯದರ ಬಗ್ಗೆ.

ಈ ಉಪಾಯ ಹಳೆಯದು. ಮೊದಲ ಮಹಾಯುದ್ಧದ ಹೊತ್ತಿಗೆ, 1916ರಲ್ಲಿ, ಪೀಟರ್ ನಿಸ್ಸೆನ್ ಎಂಬ ಬ್ರಿಟಿಷ್ ಸೇನೆಯ ಇಂಜಿನಿಯರ್ ಅರ್ಧ ಪೀಪಾಯಿಯಂಥ ತಗಡಿನ ಬ್ಯಾರಕ್ ಮಾಡಿದ. 1941ರಲ್ಲಿ ಅಮೆರಿಕದ ನೌಕಾಪಡೆ ರೋಡ್ ಐಲೆಂಡ್ ರಾಜ್ಯದ ಕ್ವಾನ್ಸೆಟ್ ಪಾಯಿಂಟ್‌ನಲ್ಲಿ ಅದನ್ನೇ ತಿದ್ದಿ ಸಾವಿರಗಟ್ಟಲೆ ತಯಾರಿಸಿತು. ಆ ಹೆಸರೇ ಉಳಿದು ಇವತ್ತಿಗೂ ಇವನ್ನು ಕ್ವಾನ್ಸೆಟ್ ಅನ್ನುತ್ತಾರೆ. ಕಟ್ಟಡ ಕೆಲಸ ಗೊತ್ತಿಲ್ಲದ ಸಿಪಾಯಿಗಳು ಕೈ ಉಪಕರಣದಲ್ಲೇ ಎಬ್ಬಿಸಬೇಕು ಅನ್ನುವುದೇ ಅದರ ಉದ್ದೇಶವಾಗಿತ್ತು.

ಅಳತೆ

ಉದಾಹರಣೆಗೆ 20 ಅಡಿ ಅಗಲ, 30 ಅಡಿ ಉದ್ದದ ಪೂರ್ತಿ ಅರ್ಧವೃತ್ತದ ಶೆಡ್ ತೆಗೆದುಕೊಳ್ಳೋಣ, ನನ್ನದೂ ಅಷ್ಟೇ. ನಡುವಿನ ಎತ್ತರ 10 ಅಡಿ. ಕಮಾನಿನ ಉದ್ದ 31 ಅಡಿ 5 ಇಂಚು. ಹಲವು ಪ್ಯಾನೆಲ್ ತುದಿಗೆ ತುದಿ ಕೂಡಿಸಿದರೆ ಒಂದು ಕಮಾನು. ಒಂದು ಪ್ಯಾನೆಲ್ 2 ಅಡಿ ಅಗಲ ಮುಚ್ಚುತ್ತದೆ ಅಂದರೆ 15 ಕಮಾನು ಬೇಕು.

ಕಾಗದದ ಮೇಲೆ 600 ಚದರಡಿ ಇದೆ ಅಂತ ಖುಷಿಪಡುವ ಮೊದಲು ಒಂದು ಲೆಕ್ಕ ನೋಡಿ. ಗೋಡೆ ಬಾಗಿರುವುದರಿಂದ ಅಂಚಿನಿಂದ 1 ಅಡಿ ಒಳಗೆ ಬಂದರೆ ಎತ್ತರ 4 ಅಡಿ 4 ಇಂಚು ಮಾತ್ರ. 2 ಅಡಿ ಒಳಗೆ ಬಂದರೆ 6 ಅಡಿ. ಅಂದರೆ ನೆಟ್ಟಗೆ ನಿಂತು ಕೆಲಸ ಮಾಡುವ ಅಗಲ 16 ಅಡಿಯೇ. ಗೋಡೆಗೆ ತಾಗಿಸಿ ಕಪಾಟು ಇಡುವ ಆಸೆ ಬಿಡಿ, ಬದಿಗಳಲ್ಲಿ ಪೈಪು, ಆ್ಯಂಗಲ್, ಡಬ್ಬಿಗಳನ್ನು ಇಟ್ಟುಕೊಳ್ಳಿ. ಕೆಲವರು ಎತ್ತರಕ್ಕಾಗಿ ಮೂರಡಿ ಇಟ್ಟಿಗೆ ಗೋಡೆ ಕಟ್ಟಿ ಅದರ ಮೇಲೆ ಕಮಾನು ಕೂರಿಸುತ್ತಾರೆ. ದಯವಿಟ್ಟು ಬೇಡ. ಕಮಾನಿನ ಕಾಲು ಯಾವಾಗಲೂ ಹೊರಗೆ ಒದೆಯುತ್ತದೆ, ಇಟ್ಟಿಗೆ ಗೋಡೆಗೆ ಆ ಒದೆತ ತಡೆಯುವ ಶಕ್ತಿ ಇಲ್ಲ. ಎತ್ತರ ಬೇಕೇಬೇಕು ಅಂದರೆ ಇಂಜಿನಿಯರ್ ಲೆಕ್ಕ ಹಾಕಿಕೊಟ್ಟ ಕಾಂಕ್ರೀಟ್ ಗೋಡೆಯೇ ಆಗಬೇಕು.

ಕಾಗದಪತ್ರ

ಜಾಗದ ಸಾತ್‌ಬಾರಾ ಉತಾರೆಯಲ್ಲಿ (ನಮ್ಮ ಕಡೆಯ ಪಹಣಿ) ಹೆಸರು ಯಾರದ್ದಿದೆ, ಜಮೀನು ಎನ್‌ಎ ಅಂದರೆ ಕೃಷಿಯೇತರ ಆಗಿದೆಯೋ ಇಲ್ಲವೋ ಮೊದಲು ನೋಡಿ. ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಪ್ಲಾಟಾದರೆ ಅನುಮತಿ ಅವರಿಂದಲೇ. ಪಾಲಿಕೆಯ ಹದ್ದಿನಾಚೆ ಪುಣೆ ಮಹಾನಗರ ಪ್ರದೇಶದಲ್ಲಿದ್ದರೆ ಅದರ ಅಭಿವೃದ್ಧಿ ಪ್ರಾಧಿಕಾರವಾದ ಪಿಎಂಆರ್‌ಡಿಎ. ಬೋಲ್ಟ್ ಬಿಚ್ಚಿ ಒಯ್ಯಬಹುದಾದ ಶೆಡ್, ಇದಕ್ಯಾಕೆ ಅನುಮತಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಹಾಕಿದ ಪಾಯದ ಡ್ರಾಯಿಂಗ್ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ಆ ಡ್ರಾಯಿಂಗ್‌ಗೆ ಕೊಡುವ ದುಡ್ಡು ಇಡೀ ಕೆಲಸದಲ್ಲಿ ಅತ್ಯಂತ ಒಳ್ಳೆಯ ಖರ್ಚು. ಯಾಕೆ ಅನ್ನುವುದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಪಾಯ

ಕಟ್ಟಡದ ಮೇಲಿನ ಭಾರಗಳ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಪುಣೆಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಪಣಜಿಗೂ 39, ಮುಂಬಯಿಗೆ 44. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್ ಲೆಕ್ಕದಲ್ಲಿ ಸಿಗುತ್ತದೆ, ಅದನ್ನು 9.81ರಿಂದ ಭಾಗಿಸಿದರೆ ಕಿಲೊ: 39ಕ್ಕೆ ಚದರ ಮೀಟರಿಗೆ ಸುಮಾರು 93 ಕಿಲೊ, 44ಕ್ಕೆ 118 ಕಿಲೊ. ಕಮಾನಿನ ಬೆನ್ನ ಮೇಲೆ ಹಾಯುವ ಗಾಳಿ ಅದನ್ನು ಕೆಳಗೆ ಒತ್ತುವುದಕ್ಕಿಂತ ಮೇಲಕ್ಕೆ ಸೆಳೆಯುವುದೇ ಹೆಚ್ಚು. ನಮ್ಮ ಶೆಡ್ ಮುಚ್ಚಿದ ನೆಲ 56 ಚದರ ಮೀಟರ್. ಗುಣಾಂಕಗಳ ಸೂಕ್ಷ್ಮ ಬಿಟ್ಟು ನೇರ ಗುಣಿಸಿದರೂ ಐದು ಟನ್ ದಾಟುತ್ತದೆ. ಇನ್ನು ಶೆಡ್ಡಿನ ತೂಕ? 1 ಮಿಲಿಮೀಟರ್ ದಪ್ಪದ ಶೀಟು, 3 ಅಡಿ ಚಪ್ಪಟೆ ಶೀಟು ಅಲೆ ಹೊಡೆದ ಮೇಲೆ 2 ಅಡಿ ಮುಚ್ಚುತ್ತದೆ ಅಂತ ಹಿಡಿದರೆ ಒಟ್ಟು ಒಂದು ಟನ್ ಚಿಲ್ಲರೆ. ಒಂದು ಟನ್ನಿನ ವಸ್ತುವನ್ನು ಐದು ಟನ್ ಬಲ ಮೇಲೆತ್ತುತ್ತದೆ. ಹಿಡಿದು ಕೂರಿಸುವುದು ಪಾಯದ ಭಾರ ಮಾತ್ರ.

ಎರಡೂ ಉದ್ದ ಬದಿಗೆ ಒಂದೂವರೆ ಅಡಿ ಅಗಲ, ಎರಡಡಿ ಆಳದ ಕಾಂಕ್ರೀಟ್ ಪಟ್ಟಿ ಹಾಕಿದರೆ ಅದರ ತೂಕ ಸುಮಾರು 12 ಟನ್. ಇದು ಭಾರ ಹೇಗೆ ಕೂಡಿಬರುತ್ತದೆ ಅಂತ ತಿಳಿಯಲಿಕ್ಕೆ ಕೊಟ್ಟ ಲೆಕ್ಕ. ನಿಮ್ಮ ಅಳತೆ ನಿಮ್ಮ ಇಂಜಿನಿಯರ್ ಬರೆದಂತೆಯೇ ಇರಲಿ. ಎರಡು ಪಟ್ಟಿಗಳ ನಡುವೆ ಕಬ್ಬಿಣದ ಸರಳಿರುವ ನೆಲದ ಸ್ಲ್ಯಾಬ್ ಅಥವಾ ಅಡ್ಡ ಬೀಮು ಇರಲೇಬೇಕು. ಬಿಲ್ಲಿಗೆ ಹೆದೆ ಇದ್ದಹಾಗೆ ಅದು. ಇಲ್ಲದಿದ್ದರೆ ಎರಡು ಕಾಲೂ ನಿಧಾನಕ್ಕೆ ಅಗಲವಾಗಿ ನೆತ್ತಿ ಕುಸಿಯುತ್ತದೆ.

ಈಗ ಮಣ್ಣು. ಪುಣೆ ಸುತ್ತ ಮೇಲೆ ಎರಿ, ಅದರ ಕೆಳಗೆ ಮುರೂಮ, ಕೆಳಗೆ ಕರಿಕಲ್ಲು. ಇಲ್ಲಿನವರ ಮುರೂಮ ಅಂದರೆ ನಮ್ಮ ಕಡೆಯ ಗರಸೇ. ಎರಿಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ ಅನ್ನುವುದನ್ನು ಜೋಳ ಬಿತ್ತಿದ ಮನೆಯವರಿಗೆ ಹೇಳಿಕೊಡಬೇಕಿಲ್ಲ. ಆದರೂ ದುಡ್ಡು ಖರ್ಚಾಗುವಾಗ ನಾವೇ ಮರೆಯುತ್ತೇವೆ. ನನ್ನ ಪಾಯ ತೋಡುವಾಗ ಮೂರಡಿಗೆ ಸಾಕು ಮಾಡಿಸಲು ಹೊರಟಿದ್ದೆ. ಗವಂಡಿ ಕಾಕಾ ಕುಳಿಯೊಳಗೆ ಇಳಿದು ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹಿಸುಕಿ ತೋರಿಸಿದರು. ಬೆರಳಿನ ಗುರುತು ಹಾಗೇ ನಿಂತಿತ್ತು.

"ಇನ್ನೂ ಕರೀನೇ ಅದರೀ. ಗರಸು ಬಂದಿಲ್ಲ."

"ಕಾಕಾ, ಮೂರು ಫೂಟ್ ಆತಲ್ರೀ, ಸಾಕಾಗಂಗಿಲ್ಲೇನು?"

"ಸಾಕಂತ ನೀವಂದ್ರ ನಾ ನಿಲ್ಲಸ್ತೀನ್ರೀ. ಆದ್ರ ಮಣ್ಣು ಅನ್ನಬೇಕಲ್ಲ."

ಇನ್ನೂ ಒಂದೂಕಾಲು ಅಡಿ ಹೋದ ಮೇಲೆ ಹಾರೆ ಠಣ್ ಅಂದಿತು. ಆ ಶಬ್ದ ಬರುವ ತನಕ ತೋಡಿ. ಎರಿಯನ್ನು ಪೂರ್ತಿ ಹೊರಹಾಕಿ, ನೆಲದ ಸ್ಲ್ಯಾಬಿನ ಕೆಳಗೂ ಗರಸು ತುಂಬಿ. ಆರಾರು ಇಂಚಿನ ಪದರ, ಪ್ರತಿ ಪದರಕ್ಕೂ ನೀರು ಹೊಡೆದು ದಮ್ಮಸು. ಎರಡಡಿ ಒಮ್ಮೆಲೇ ಸುರಿದು ಮೇಲೆ ರೋಲರ್ ಓಡಿಸಿದರೆ ಕೆಳಗಿನದು ಸಡಿಲವೇ ಉಳಿಯುತ್ತದೆ.

ಮೂಲೆ ಹಾಕುವಾಗ ಗವಂಡಿಯ ಗುನ್ಯಾ (ಮೂಲೆಮಟ್ಟ) ಒಂದನ್ನೇ ನಂಬಬೇಡಿ. 3-4-5 ಅಳತೆಯಲ್ಲಿ (ಒಂದು ಬದಿ 3 ಅಡಿ, ಇನ್ನೊಂದು 4, ಅವುಗಳ ನಡುವಿನ ಓರೆ 5 ಬರಬೇಕು) ಮೂಲೆ ಹಿಡಿದು, ಆಮೇಲೆ ಎರಡೂ ಕರ್ಣ ಅಳೆಯಿರಿ. 20 ಗುಣಿಸು 30ಕ್ಕೆ ಕರ್ಣ 36 ಅಡಿ ಮತ್ತು ಮುಕ್ಕಾಲು ಇಂಚಿಗೆ ಒಂದು ಕೂದಲು ಕಡಿಮೆ. ಎರಡು ಕರ್ಣಗಳ ನಡುವೆ ಕಾಲಿಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮಟ್ಟಕ್ಕೆ ನೀರು ತುಂಬಿದ ಲೆವೆಲ್ ಪೈಪ್ ಸಾಕು, ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲ ಅಂತ ನೋಡಿಕೊಂಡು ನಾಲ್ಕು ಮೂಲೆ ಮತ್ತು ಎರಡೂ ಬದಿಯ ನಡುವೆ ನೋಡಿ.

ಕಮಾನಿನ ಕಾಲು ಪಾಯದಲ್ಲಿ ಕೂರುವುದು ಎರಡು ಬಗೆ. ಒಂದು, ಕಾಂಕ್ರೀಟಿನಲ್ಲೇ ಉದ್ದಕ್ಕೂ ತೋಡು ಬಿಟ್ಟು, ಕಾಲನ್ನು ಅದರಲ್ಲಿ ಇಳಿಸಿ, ಕೊನೆಗೆ ಗ್ರೌಟ್ ತುಂಬುವುದು. ಇನ್ನೊಂದು, ಆ್ಯಂಕರ್ ಬೋಲ್ಟಿನಿಂದ ಬಿಗಿದ ಬೇಸ್ ಚಾನೆಲ್‌ಗೆ ಕಾಲನ್ನು ಬೋಲ್ಟ್ ಮಾಡುವುದು. ನನ್ನ ಮತ ಚಾನೆಲ್‌ಗೆ. ಈ ಶೀಟುಗಳ ಲೇಪ ಗ್ಯಾಲ್ವಾಲ್ಯೂಮ್, ಅದರಲ್ಲಿ ತೂಕದ ನೂರಕ್ಕೆ 55 ಭಾಗ ಅಲ್ಯುಮಿನಿಯಂ. ಹಸಿ ಕಾಂಕ್ರೀಟಿನ ಕ್ಷಾರ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಗ್ರೌಟ್ ದಾರಿಯೇ ಹಿಡಿಯುವುದಾದರೆ ಕಾಲಿನ ಒಂದಡಿಗೆ ಒಳಗೂ ಹೊರಗೂ ಬಿಟುಮಿನ್ ಪೇಂಟ್ ಎರಡು ಕೈ ಹೊಡೆದು ಒಣಗಿಸದೆ ಇಳಿಸಬೇಡಿ. ಚಾನೆಲ್ ಹಾಕಿದರೂ ಕೆಳಗೆ ಬಿಟುಮಿನ್ ಫೆಲ್ಟ್ ಹಾಸಿ.

ಆ್ಯಂಕರ್ ಬೋಲ್ಟುಗಳನ್ನು ಪ್ಲೈವುಡ್ ಪಟ್ಟಿಯಲ್ಲಿ ತೂತು ಹೊಡೆದ ಟೆಂಪ್ಲೇಟಿಗೆ ಕಟ್ಟಿ, ಅದನ್ನು ಶಟರಿಂಗ್‌ಗೆ ಮೊಳೆ ಹೊಡೆದು, ಆಮೇಲೆ ಕಾಂಕ್ರೀಟ್ ಸುರಿಯಿರಿ. ವೈಬ್ರೇಟರ್ ಹಾಕುವಾಗ ಬೋಲ್ಟು ಓಡುತ್ತದೆ. ಸುರಿದ ಹತ್ತು ನಿಮಿಷದೊಳಗೆ ಮತ್ತೆ ಟೇಪ್ ಹಿಡಿಯಿರಿ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ 10 ದಿನ ನೀರು ಹಿಡಿಸಬೇಕು. ಎರಡು ವಾರ ಕಳೆಯದೆ ಮೇಲೆ ಏನೂ ನಿಲ್ಲಿಸಬೇಡಿ.

ಶೀಟು ಬಂದ ಮೇಲೆ

ಕಟ್ಟುಗಳನ್ನು ನೆಲಕ್ಕೆ ತಾಗಿಸದೆ ಮರದ ತುಂಡಿನ ಮೇಲೆ, ಒಂದು ತುದಿ ಎತ್ತರವಿರುವಂತೆ ಇಡಿ. ಶೀಟುಗಳ ನಡುವೆ ನೀರು ಸಿಕ್ಕಿಕೊಂಡರೆ ವಾರದಲ್ಲೇ ಕಲೆ ಬೀಳುತ್ತದೆ. ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿದರೆ ಒಳಗೇ ಬೆವರುತ್ತದೆ, ಬದಿ ತೆರೆದಿರಲಿ. ಚಲನ್ ಹಿಡಿದು ಪ್ಯಾನೆಲ್ ಎಣಿಸಿ, ಕಾಲಿನ ಪ್ಯಾನೆಲ್ ಬೇರೆ, ನೆತ್ತಿಯದು ಬೇರೆ ಮಾಡಿ. ದಪ್ಪವನ್ನು ಮೈಕ್ರೋಮೀಟರಿನಲ್ಲಿ ನೀವೇ ಅಳೆಯಿರಿ. ಕಾಗದದಲ್ಲಿ 1 ಮಿಲಿ, ಕೈಗೆ ಬಂದದ್ದು 0.8 ಅಂತಾದರೆ ಅಲ್ಲೇ ಟೆಂಪೊ ನಿಲ್ಲಿಸಬೇಕು. ಇಳಿಸಿಕೊಂಡ ಮೇಲೆ ಮಾತಿಗೆ ಬೆಲೆ ಇರುವುದಿಲ್ಲ. ಕೈಗವಸು ಇಲ್ಲದೆ ಅಂಚು ಮುಟ್ಟಬೇಡಿ.

ಎಬ್ಬಿಸುವುದು

ಪಾಯವನ್ನು ದೀಪಾವಳಿ ಕಳೆದ ಮೇಲೆ, ಕಮಾನನ್ನು ಜನವರಿ ಫೆಬ್ರವರಿಯಲ್ಲಿ. ಏಪ್ರಿಲ್ ಮೇ ತಿಂಗಳ ಸಂಜೆ, ಇಲ್ಲಿನವರು ವಳೀವ ಅನ್ನುವ ಮಳೆ ಬಿರುಗಾಳಿ ಹೊತ್ತುಕೊಂಡೇ ಬರುತ್ತದೆ. ಅರ್ಧ ಎದ್ದ ಕಮಾನಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ದಿನದಲ್ಲೂ ಬೆಳಗಿನ ಹೊತ್ತೇ ಸರಿ. ಮೇಲೆ ಕರೆಂಟಿನ ತಂತಿ ಹಾದುಹೋಗಿದ್ದರೆ ಆ ಜಾಗದಲ್ಲಿ ಕೆಲಸವೇ ಬೇಡ, ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣಕ್ಕೆ ಅರ್ಜಿ ಕೊಟ್ಟು ತಂತಿ ಸರಿಸಿದ ಮೇಲೆ ನೋಡೋಣ. 31 ಅಡಿ ತಗಡನ್ನು ಎತ್ತುವಾಗ ಯಾರ ಕಣ್ಣೂ ಮೇಲಿರುವುದಿಲ್ಲ.

ಮೊದಲು ಬೇಸ್ ಚಾನೆಲ್ ಮೇಲೆ ಎರಡೂ ಬದಿಗೆ ಪ್ರತಿ 2 ಅಡಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಪ್ರತಿಸಲ ಒಂದೇ ತುದಿಯಿಂದ ಅಳೆಯಬೇಕು, ಗೆರೆಯಿಂದ ಗೆರೆಗೆ ಅಲ್ಲ. ಇದು ಸಣ್ಣ ಮಾತೆನಿಸುತ್ತದೆ. ಯಾಕೆ ಬೇಕು ಅಂತ ಕೆಳಗೆ ಹೇಳುತ್ತೇನೆ.

ಒಂದು ಕಮಾನಿನ ತೂಕ 70 ಕಿಲೊ ಆಸುಪಾಸು, ಆರು ಜನ ಎತ್ತಬಹುದು. ಆದರೆ ಒಂಟಿ ಕಮಾನು ಬಾಳೆಎಲೆಯಂತೆ ಬಳುಕುತ್ತದೆ. ಅದಕ್ಕೆ ಮೊದಲ ಮೂರನ್ನು ನೆಲದ ಮೇಲೇ ಜೋಡಿಸಿ, ಅರ್ಧ ದಿನಕ್ಕೆ ಹೈಡ್ರಾ (ಓಡಾಡುವ ಸಣ್ಣ ಕ್ರೇನು) ಬಾಡಿಗೆಗೆ ತಂದು ಎತ್ತುವುದು ಸುರಕ್ಷಿತ. ಬೆಲ್ಟನ್ನು ನೆತ್ತಿಗೆ ಒಂದೇ ಕಡೆ ಹಾಕಬೇಡಿ, ನೆತ್ತಿಯ ಎಡಬಲಕ್ಕೆ ಎರಡು ಕಡೆ ಹಿಡಿಸಿ. ಇಬ್ಬರು ಒಂದೊಂದು ಕಾಲಿಗೆ, ಇಬ್ಬರು ಹಗ್ಗಕ್ಕೆ, ಒಬ್ಬರು ಹೈಡ್ರಾ ಡ್ರೈವರಿಗೆ ಕೈಸನ್ನೆಗೆ. ಸನ್ನೆ ಮಾಡುವವರು ಒಬ್ಬರೇ ಇರಬೇಕು. ಚಾನೆಲ್‌ಗೆ ಇಳಿದ ಕೂಡಲೇ ಕಾಲಿನ ಬೋಲ್ಟು ಹಾಕಿ, ನಾಲ್ಕು ದಿಕ್ಕಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯಿರಿ. ಆಮೇಲೆಯೇ ಬೆಲ್ಟ್ ಬಿಚ್ಚಬೇಕು.

ನಾಲ್ಕನೆಯದರಿಂದ ಹೈಡ್ರಾ ಬೇಡ. ಚಕ್ರದ ಸ್ಕ್ಯಾಫೋಲ್ಡಿಂಗ್ ಒಳಗಿಟ್ಟು ಎರಡೂ ಕಾಲಿನಿಂದ ಒಂದೊಂದೇ ಪ್ಯಾನೆಲ್ ಏರಿಸುತ್ತ ನೆತ್ತಿಯಲ್ಲಿ ಕೂಡಿಸುವುದು. ಮೇಲಿನ ಪ್ಯಾನೆಲ್ ಕೆಳಗಿನದರ ಹೊರಮೈ ಮೇಲೆ ಬರಬೇಕು, ಹಂಚು ಹೊದಿಸಿದ ಹಾಗೆ. ನಮ್ಮಲ್ಲಿ ಮಳೆಗಾಳಿ ನೈಋತ್ಯದಿಂದ. ಶೆಡ್ ಪೂರ್ವ–ಪಶ್ಚಿಮ ಉದ್ದವಿದ್ದರೆ ಪೂರ್ವದ ತುದಿಯಿಂದ ಶುರುಮಾಡಿ ಪಶ್ಚಿಮಕ್ಕೆ ಬನ್ನಿ. ಆಗ ಹೊಸ ಕಮಾನು ಹಳೆಯದರ ಮೇಲೆ ಕೂತು ಸಂದಿನ ಬಾಯಿ ಗಾಳಿಗೆ ಬೆನ್ನು ಮಾಡುತ್ತದೆ. ಸಂದಿಗೆ ಬ್ಯುಟೈಲ್ ಟೇಪ್. ಸಿಲಿಕೋನ್ ಬೇಕಾದಲ್ಲಿ ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದನ್ನೇ ತನ್ನಿ. ಹುಳಿವಾಸನೆ ಬರುವ ಅಗ್ಗದ ಸಿಲಿಕೋನ್ ಲೇಪವನ್ನು ತಿನ್ನುತ್ತದೆ.

ಬೋಲ್ಟು ಎಂ8, ಪಾನಾ 13 ನಂಬರಿನದು. ತಲೆ ಮತ್ತು ರಬ್ಬರ್ ವಾಷರ್ ಹೊರಗೆ, ನಟ್ಟು ಒಳಗೆ. ಮೊದಲು ಬೆರಳಲ್ಲೇ ತಿರುಗಿಸಿ ಬಿಡಿ. ಮುಂದೆ ಮೂರು ಕಮಾನು ನಿಂತ ಮೇಲೆ ಹಿಂದಿನದನ್ನು ಬಿಗಿಯಿರಿ. ತೂತು ಕೂಡದಿದ್ದರೆ ಚೂಪು ಟಾಮಿ (ಉಕ್ಕಿನ ಸರಳು) ಹಾಕಿ ಎಳೆದು ಕೂಡಿಸಿ. ಗ್ಯಾಸ್ ಕಟ್ಟರ್ ಮುಟ್ಟಬೇಡಿ, ತೂತು ದೊಡ್ಡದು ಮಾಡಬೇಡಿ. ಅಕಸ್ಮಾತ್ ಡ್ರಿಲ್ ಮಾಡಿದರೆ ಕಬ್ಬಿಣದ ಚೂರನ್ನು ಅಂದೇ ಸಂಜೆ ಗುಡಿಸಿ, ಬೆಳಗಿನ ಮಂಜಿಗೆ ಅದು ತುಕ್ಕು ಹಿಡಿದು ಶೀಟಿಗೆ ಅಂಟಿಕೊಳ್ಳುತ್ತದೆ.

ನಮ್ಮ ತಪ್ಪು ಆದದ್ದು ಒಂಬತ್ತನೇ ಕಮಾನಿನಲ್ಲಿ. ನೆತ್ತಿಯ ಪ್ಯಾನೆಲ್ ಇಟ್ಟರೆ ಒಂದು ತೂತು ಕೂಡುತ್ತಿತ್ತು, ಮುಂದಿನದು ಅರ್ಧ ಮುಚ್ಚುತ್ತಿತ್ತು, ಅದರ ಮುಂದಿನದು ಕಾಣಿಸುತ್ತಲೇ ಇರಲಿಲ್ಲ. ಅಕ್ಕನ ಮಗ ಟಾಮಿ ಹಾಕಿ ಮೈಭಾರ ಬಿಟ್ಟು ಎಳೆದ. ಶೀಟು ಕಿರ್ ಅಂದಿತೇ ಹೊರತು ಜರುಗಲಿಲ್ಲ. ಕೆಳಗಿಳಿದು ಟೇಪ್ ಹಿಡಿದಾಗ ದಕ್ಷಿಣದ ಕಾಲು ಉತ್ತರದ ಕಾಲಿಗಿಂತ ಒಂದೂಕಾಲು ಇಂಚು ಮುಂದಿತ್ತು. ದಕ್ಷಿಣದಲ್ಲಿ ಬೋಲ್ಟು ಹಾಕುತ್ತಿದ್ದವನು ಪ್ರತಿ ಸಂದಿಯನ್ನೂ ಹೊರಕ್ಕೆ ಎಳೆದು ಬಿಗಿಯುತ್ತಿದ್ದ, ಉತ್ತರದವನು ಒಳಕ್ಕೆ ಒತ್ತಿ. ಒಂದೊಂದು ಸಂದಿನಲ್ಲಿ ಎರಡು ಮಿಲಿ ಆಚೀಚೆಯಾದರೂ ಹದಿನಾಲ್ಕು ಸಂದಿಗೆ 28 ಮಿಲಿ. ನಮ್ಮಲ್ಲಿ ಅದಕ್ಕೂ ಹೆಚ್ಚಾಗಿತ್ತು. ಐದನೇ ಕಮಾನಿನ ತನಕ ಬಿಚ್ಚಿ, ಎರಡು ದಿನ ಕಳೆದುಕೊಂಡು ಮತ್ತೆ ಕೂಡಿಸಿದೆವು. ಎರಡು ಅಡಿಯ ಗೆರೆ ಹಾಕಿಕೊಂಡಿದ್ದರೆ ಎರಡನೇ ಸಂದಿಯಲ್ಲೇ ಸಿಗುತ್ತಿತ್ತು. ಈಗ ನಾನು ಪ್ರತಿ ಮೂರು ಕಮಾನಿಗೆ ಎರಡೂ ಬದಿ ಅಳೆಯದೆ ಮುಂದೆ ಹೋಗುವುದಿಲ್ಲ.

ಹೊರಗಿನಿಂದ ಮೇಲೆ ಹತ್ತುವ ಕೆಲಸ ಬಿದ್ದರೆ ಬೆಲ್ಟ್ ಕಟ್ಟಿ ಹಗ್ಗಕ್ಕೆ ಸಿಕ್ಕಿಸಿಯೇ ಹತ್ತಬೇಕು. ಬೆಳಗಿನ ಇಬ್ಬನಿಯಲ್ಲಿ ಈ ಶೀಟು ಸಾಬೂನಿನಂತೆ ಜಾರುತ್ತದೆ.

ತುದಿಗೋಡೆ

ದುಡ್ಡು ಮುಗಿದಾಗ ಎಲ್ಲರೂ ಮುಂದೂಡುವುದು ತುದಿಗೋಡೆಯನ್ನೇ. ನಾನೂ ಹಾಗೇ ಮಾಡಿದೆ. ಪೂರ್ವಕ್ಕೆ ಶಟರ್ ಕೂರಿಸಿ, ಪಶ್ಚಿಮಕ್ಕೆ ತಾಡಪತ್ರಿ ಕಟ್ಟಿ ಕೆಲಸ ಶುರುಮಾಡಿದ್ದೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಅಲಿಬಾಗ್ ಹತ್ತಿರ ದಡಕ್ಕೆ ಬಂತು, ಅದರ ಗಾಳಿ ಘಾಟಿ ಏರಿ ನಮ್ಮ ಕಡೆಗೂ ಬೀಸಿತು. ಲಾಕ್‌ಡೌನಿನ ದಿನ, ಶೆಡ್ಡಿನಲ್ಲಿ ನಾನೊಬ್ಬನೇ. ತಾಡಪತ್ರಿ ಹರಿದದ್ದೇ ತಡ ಇಡೀ ಶೆಡ್ ಉಸಿರೆಳೆದು ಬಿಟ್ಟಂತೆ ಉಬ್ಬಿ ಇಳಿಯತೊಡಗಿತು. ಪಶ್ಚಿಮದ ಕೊನೆಯ ಕಮಾನಿನ ತೂತುಗಳು ಗುಂಡಗಿದ್ದವು ಮೊಟ್ಟೆಯಾಕಾರಕ್ಕೆ ಎಳೆದುಹೋದವು. ಆ ಕಮಾನು ಬದಲಿಸಬೇಕಾಯಿತು, ಪಾಯ ಮಾತ್ರ ಕೂದಲೆಳೆಯೂ ಕದಲಲಿಲ್ಲ.

ಒಂದು ಬದಿ ತೆರೆದರೆ ಗಾಳಿ ಒಳಗೆ ಸಿಕ್ಕಿ ಒಳಗಿನಿಂದ ತಳ್ಳುತ್ತದೆ, ಹೊರಗಿನ ಸೆಳೆತ ಅದಕ್ಕೆ ಕೂಡಿಕೊಳ್ಳುತ್ತದೆ. ಆದ್ದರಿಂದ ತುದಿಗೋಡೆ ಇಲ್ಲದೆ ಮಳೆಗಾಲ ದಾಟಿಸಬೇಡಿ. ದುಡ್ಡು ಕಡಿಮೆ ಇದ್ದರೆ ಉದ್ದವನ್ನು 24 ಅಡಿಗೆ ಇಳಿಸಿ, ಎರಡೂ ತುದಿ ಮುಚ್ಚಿ. ಶಟರಿನ ಎರಡೂ ಬದಿಗೆ ಪಾಯದಿಂದ ಎದ್ದ ಉಕ್ಕಿನ ಕಂಬ ಬೇಕು, ಶಟರಿನ ಭಾರವನ್ನು ಕಮಾನಿಗೆ ನೇತುಹಾಕಬಾರದು.

ನೀರು, ಬಿಸಿ, ಬೆವರು

ಈ ಶೆಡ್ಡಿಗೆ ಗಟರ್ ಇಲ್ಲ. ಒಂದಿಂಚು ಮಳೆ ಬಿದ್ದರೆ ಸುಮಾರು 1,400 ಲೀಟರ್, ಒಂದೊಂದು ಕಾಲಿಗೆ 700. ಎರಡೂ ಬದಿಗೆ ಎರಡಡಿ ಕಾಂಕ್ರೀಟ್ ಅಂಚು, ಅದರಾಚೆ ಇಳಿಜಾರಿನ ಚರಂಡಿ ಮಾಡಿ. ಇಲ್ಲದಿದ್ದರೆ ಆ ನೀರೆಲ್ಲ ಪಾಯದ ಪಕ್ಕದ ಎರಿಗೇ ಇಳಿಯುತ್ತದೆ. ಒಳನೆಲ ಹೊರಗಿನದಕ್ಕಿಂತ ಆರಿಂಚಾದರೂ ಎತ್ತರ ಇರಲಿ.

ಏಪ್ರಿಲ್ ಮಧ್ಯಾಹ್ನ ಬರಿ ತಗಡಿನ ಕೆಳಗೆ ನಿಲ್ಲಲಾಗುವುದಿಲ್ಲ. ಎರಡೂ ತುದಿಗೋಡೆಯ ನೆತ್ತಿಯಲ್ಲಿ ಜಾಲಿ, ಮೇಲೆ ಎರಡು ಟರ್ಬೊ ವೆಂಟಿಲೇಟರ್, ಕೈಗೆಟುಕಿದರೆ ಒಳಮೈಗೆ ಫೋಮ್ ಹಾಳೆ. ಫೋಮ್ ಇದ್ದರೆ ಡಿಸೆಂಬರಿನ ಬೆಳಗ್ಗೆ ತಗಡು ಬೆವರಿ ಮಷಿನ್ ಮೇಲೆ ಹನಿ ಬೀಳುವುದೂ ನಿಲ್ಲುತ್ತದೆ. ವೈರಿಂಗ್ ಮಾಡಿಸುವ ದಿನವೇ ಶೆಡ್ಡಿನ ಉಕ್ಕಿಗೆ ಅರ್ತಿಂಗ್ ಕೊಡಿಸಿ.

ಮೊದಲ ವರ್ಷ ಬೋಲ್ಟುಗಳು ಸಡಿಲುತ್ತವೆ, ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದರಿಂದ. ಮೇ ತಿಂಗಳ ಮೂರನೇ ವಾರ ಒಂದು ಭಾನುವಾರ ಅದಕ್ಕೇ ಇಟ್ಟುಬಿಡಿ. ಪಾಯದ ಆ್ಯಂಕರಿನಿಂದ ಶುರುಮಾಡಿ ನೆತ್ತಿಗೆ ಹೋಗಿ, ಬಿಗಿದ ಪ್ರತಿ ನಟ್ಟಿಗೂ ಮಾರ್ಕರಿನ ಒಂದು ಗೆರೆ ಎಳೆಯಿರಿ. ಮುಂದಿನ ವರ್ಷ ಗೆರೆ ಸರಿದ ನಟ್ಟು ಕೆಳಗಿನಿಂದಲೇ ಕಾಣಿಸುತ್ತದೆ.